ಟಂಕಸಾಲೆಯ ತಪ್ಪೋ, ಹೊರಗಿನ ಪೆಟ್ಟೋ: ದೋಷನಾಣ್ಯವನ್ನು ಪರೀಕ್ಷಿಸಿ ಫೋಟೊ ತೆಗೆಯುವ ಬಗೆ

ನಾಣ್ಯ ತಯಾರಾಗುವ ಟಂಕಸಾಲೆಯಲ್ಲೇ ತಪ್ಪಾಗಿ ಮೂಡಿ ಹೊರಬಂದದ್ದನ್ನು ದೋಷನಾಣ್ಯ ಎನ್ನುತ್ತಾರೆ. ಅಂಥದ್ದು ಸಿಕ್ಕಿತು ಎನಿಸಿದರೆ ಮೊದಲನೆಯದಾಗಿ, ನಾಣ್ಯವನ್ನು ಉಜ್ಜಿ ತೊಳೆಯಬೇಡಿ. ಹುಣಸೆಹಣ್ಣು, ನಿಂಬೆರಸ, ಬೂದಿ, ಟೂತ್‌ಪೇಸ್ಟ್ ಯಾವುದೂ ಬೇಡ. ತಾಮ್ರದ ಕೊಡಕ್ಕೆ ಹುಣಸೆ ಹಚ್ಚಿ ಬೆಳಗಿ ರೂಢಿಯಾದ ಮನೆಗಳು ನಮ್ಮವು. ಮಾಸಿದ ನಾಣ್ಯ ಕಂಡರೂ ಕೈ ತಾನಾಗಿ ಅತ್ತಲೇ ಹೋಗುತ್ತದೆ. ಆದರೆ ಒಮ್ಮೆ ಉಜ್ಜಿದರೆ ಲೋಹದ ಮೂಲ ಮೈ ಹೋಗುತ್ತದೆ. ಅದರೊಂದಿಗೆ, ಒಂದು ಗೆರೆ ಟಂಕಸಾಲೆಯಲ್ಲೇ ಬಿದ್ದದ್ದೋ ಅಲ್ಲವೋ ಎಂದು ಹೇಳುವ ಸಾಕ್ಷಿಯೂ ಹೋಗುತ್ತದೆ. ಮಣ್ಣು ಮೆತ್ತಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಹತ್ತಿ ಬಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತಿ ನೀರು ಹೀರಿಸಿದರೆ ಸಾಕು.

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆ ಹುಡುಕುವವರಿಗೆ ಚಿಲ್ಲರೆಯ ಕೊರತೆಯಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆ, ಸವದತ್ತಿಯ ಎಲ್ಲಮ್ಮನ ಗುಡ್ಡ, ಇಂಥ ಕಡೆ ಬೆಂಡು ಬತ್ತಾಸಿನ ಅಂಗಡಿಯವರ ಡಬ್ಬಿಯಲ್ಲಿ ಎಲ್ಲ ವರ್ಷದ ನಾಣ್ಯಗಳೂ ಬಂದು ಬೀಳುತ್ತವೆ. ಹತ್ತು ರೂಪಾಯಿ ನಾಣ್ಯ ಕಂಡರೆ ಮೂಗು ಮುರಿಯುವ ಅಂಗಡಿಗಳು ಇನ್ನೂ ಇವೆ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದರೂ ಅವರ ಅನುಮಾನ ಹೋಗಿಲ್ಲ. ಸಂಗ್ರಾಹಕರಿಗೆ ಅದರಿಂದ ಲಾಭವೇ. ನೋಟು ಕೊಟ್ಟು ಕೇಳಿದರೆ ಚೀಲ ಬರಿದಾದ ಸಮಾಧಾನದಲ್ಲಿ ಎಣಿಸಿ ಕೊಡುತ್ತಾರೆ.

ಸಿಕ್ಕ ನಾಣ್ಯದಲ್ಲಿ ಏನೋ ವಿಚಿತ್ರ ಕಂಡಿತು ಎನ್ನಿ. ಅಲ್ಲಿಂದ ಮುಂದೆ ನಮ್ಮ ಕೆಲಸ ‘ಇದು ದೋಷನಾಣ್ಯ’ ಎಂದು ಸಾಧಿಸುವುದಲ್ಲ. ‘ಇದು ದೋಷನಾಣ್ಯವಲ್ಲ’ ಎಂದು ತೋರಿಸಲು ಆದಷ್ಟು ಪ್ರಯತ್ನಿಸುವುದು. ಆ ಪ್ರಯತ್ನ ಸೋತರೆ ಮಾತ್ರ ಕ್ಯಾಮೆರಾ ಹೊರಗೆ ಬರಬೇಕು. ತೆಗೆಯುವ ಫೋಟೊ ಕೂಡ ನೋಡುವವನು ನಮ್ಮ ಮಾತನ್ನು ಅಲ್ಲಗಳೆಯಲು ಅನುಕೂಲವಾಗುವಂತಿರಬೇಕು.

ದೋಷವಲ್ಲದ್ದನ್ನು ಮೊದಲು ಬದಿಗಿಡಿ

ಇಸವಿಯ ಕೆಳಗಿನ ಗುರುತನ್ನು (ಮಿಂಟ್ ಮಾರ್ಕ್) ನೋಡಿ, ನಾಣ್ಯ ಯಾವ ಊರಿನ ಟಂಕಸಾಲೆಯದೆಂದು ಅದು ಹೇಳುತ್ತದೆ. ವಜ್ರಾಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಆ ಟಂಕಸಾಲೆ ಗುರುತು ಹಾಕುವುದೇ ಇಲ್ಲ. ‘ಮಿಂಟ್ ಮಾರ್ಕ್ ಬಿಟ್ಟುಹೋದ ಅಪರೂಪದ ನಾಣ್ಯ’ ಎಂದು ಮಾರಾಟಕ್ಕೆ ಬರುವವುಗಳಲ್ಲಿ ಬಹಳಷ್ಟು ಸಾದಾ ಕೋಲ್ಕತ್ತಾ ನಾಣ್ಯಗಳು.

ಸ್ಮರಣಾರ್ಥ ನಾಣ್ಯಗಳೂ ದೋಷವಲ್ಲ. ಬಸವೇಶ್ವರರ ಚಿತ್ರವಿರುವ 2006ರ ಐದು ರೂಪಾಯಿಯನ್ನು ಬಸವನ ಬಾಗೇವಾಡಿಯಿಂದ ಕೂಡಲಸಂಗಮದವರೆಗೆ ಎಷ್ಟೋ ಮನೆಗಳಲ್ಲಿ ದೇವರ ಜಗುಲಿಯ ಮೇಲಿಟ್ಟಿದ್ದಾರೆ. ಇಟ್ಟುಕೊಳ್ಳಲು ಯೋಗ್ಯವಾದ ನಾಣ್ಯ ಹೌದು, ತಪ್ಪಾಗಿ ಮುದ್ರಣವಾದದ್ದಲ್ಲ. ವೈಷ್ಣೋದೇವಿಯ ಚಿತ್ರವಿರುವ 2012ರ ಐದು ಮತ್ತು ಹತ್ತು ರೂಪಾಯಿಗಳ ಕಥೆಯೂ ಇದೇ. ಲಕ್ಷಗಟ್ಟಲೆ ಬೆಲೆ ಎಂದು ವಿಡಿಯೊಗಳಲ್ಲಿ ಎಷ್ಟೇ ಕೂಗಿದರೂ ಅವು ಚಲಾವಣೆಗೆಂದೇ ಟಂಕಿಸಿದ ನಾಣ್ಯಗಳು. ಎರಡು ಗೆರೆಗಳು ಅಡ್ಡಡ್ಡ ಹಾಯ್ದಿರುವ 2006ರ ಸುಮಾರಿನ ಎರಡು ರೂಪಾಯಿಯ ಬಗ್ಗೆ ಆಗ ಸಾಕಷ್ಟು ಗದ್ದಲವಾಯಿತು. ಅದು ಕೂಡ ವಿನ್ಯಾಸವೇ.

ಇನ್ನು ಕೈಯಿಂದ ಹೊಡೆದ ಹಳೆಯ ನಾಣ್ಯಗಳು. ನಮ್ಮ ಸೀಮೆಯಲ್ಲಿ ಇವು ವಿಪುಲ. ಮರಾಠರ ತಾಮ್ರದ ಶಿವರಾಯಿ, ಆದಿಲಶಾಹಿ ತಾಮ್ರದ ಕಾಸು, ಬಾಗಲಕೋಟೆಯ ಟಂಕಸಾಲೆಯಲ್ಲೇ ತಯಾರಾದ ಮಲ್ಹಾರಶಾಹಿ ರೂಪಾಯಿ, ಇವುಗಳಲ್ಲಿ ಅಕ್ಷರ ಅರ್ಧ ಕಾಣುವುದು, ಚಿತ್ರ ಪಕ್ಕಕ್ಕೆ ಸರಿದಿರುವುದು ಸಹಜ. ಎಷ್ಟೋ ಸಲ ಚಿತ್ರ ಒತ್ತುವ ಅಚ್ಚೇ ಬಿಲ್ಲೆಗಿಂತ, ಅಂದರೆ ಚಿತ್ರ ಮೂಡುವ ಮೊದಲಿನ ಬರಿ ಲೋಹದ ತುಂಡಿಗಿಂತ, ದೊಡ್ಡದಾಗಿರುತ್ತಿತ್ತು, ಮೇಲಿಂದ ಸುತ್ತಿಗೆಯ ಏಟು, ಪೂರ್ತಿ ಬರಹ ಮೂಡಬೇಕೆಂಬ ಹಟ ಯಾರಿಗೂ ಇರಲಿಲ್ಲ. ಎರಡನೆಯ ಅಲಿ ಆದಿಲಶಾಹನ ಲಾರಿನ್ ಎಂಬ ಬೆಳ್ಳಿ ನಾಣ್ಯವಂತೂ ಮಡಚಿದ ತಂತಿ. ಅದರ ಮೇಲೆ ಬರಹದ ಒಂದು ತುಣುಕು ಮೂಡಿದ್ದರೆ ಅದೇ ಪೂರ್ತಿ ನಾಣ್ಯ. ‘ಆಫ್ ಸೆಂಟರ್’ ಎಂದು ಇವುಗಳಿಗೆ ಹೆಚ್ಚು ಬೆಲೆ ಕೇಳುವವರು ಎದುರಾದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಇಂಥವು ಸಿಕ್ಕರೆ ಅದು ಬೇರೆಯೇ ವಿಷಯ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಹೀಗಾಗಿ ಮುಂದಿನದೆಲ್ಲ ಯಂತ್ರದಲ್ಲಿ ತಯಾರಾದ ನಾಣ್ಯಗಳಿಗೆ ಮಾತ್ರ.

ಮೂರು ಪ್ರಶ್ನೆ

ಟಂಕಸಾಲೆಯಲ್ಲಿ ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುತ್ತಾರೆ, ಅದರ ಅಂಚನ್ನು ತುಸು ಎತ್ತರಿಸುತ್ತಾರೆ, ಸುತ್ತ ಕಾಲರ್ ಎಂಬ ಲೋಹದ ಬಳೆ ಹಿಡಿದಿರುವಾಗ ಮೇಲೊಂದು ಕೆಳಗೊಂದು ಅಚ್ಚಿನಿಂದ ಒತ್ತುತ್ತಾರೆ. ಆದ್ದರಿಂದ ಪ್ರಶ್ನೆಗಳು ಮೂರೇ. ಬಿಲ್ಲೆಯೇ ಕೆಟ್ಟಿತ್ತೇ? ಅಚ್ಚು ಕೆಟ್ಟಿತ್ತೇ? ಒತ್ತುವ ಗಳಿಗೆಯಲ್ಲಿ ಎಡವಟ್ಟಾಯಿತೇ? ನಿಮ್ಮ ನಾಣ್ಯದ ವಿಚಿತ್ರ ಈ ಮೂರರಲ್ಲಿ ಯಾವುದಕ್ಕೂ ಕೂಡಿಬರದಿದ್ದರೆ ಅದು ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆದದ್ದು. ಶಹಾಬಾದ್ ಫರಸಿಯ ಮೇಲೆ ಬಿದ್ದ ಪೆಟ್ಟು, ರೈಲು ಹಳಿಯ ಮೇಲಿಟ್ಟ ಹುಡುಗರ ಆಟ, ತಾಯಿತ ಮಾಡಲು ಕೊರೆದ ತೂತು, ಇವೆಲ್ಲ ಆ ಲೆಕ್ಕಕ್ಕೆ ಸೇರಿದವು.

ಉಬ್ಬೋ, ತಗ್ಗೋ

ಪರೀಕ್ಷೆಯಲ್ಲಿ ಅತಿ ಮುಖ್ಯವಾದದ್ದು ಇದೇ, ಜನ ಬಿಟ್ಟುಬಿಡುವುದೂ ಇದನ್ನೇ.

ಅಚ್ಚು ಬಿರುಕು ಬಿಟ್ಟಿದ್ದರೆ ಒತ್ತಡಕ್ಕೆ ಲೋಹ ಆ ಬಿರುಕಿನೊಳಗೆ ಹರಿಯುತ್ತದೆ. ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬರುತ್ತದೆ. ನಾಣ್ಯಕ್ಕೆ ಹೊರಗೆ ಗೀರು ಬಿದ್ದಿದ್ದರೆ ಅದು ತಗ್ಗು, ಗೀರಿನ ಎರಡು ಬದಿಗೆ ಲೋಹ ತುಸು ಒತ್ತರಿಸಿ ನಿಂತಿರುತ್ತದೆ. ಸಂಗ್ರಾಹಕರು ‘ಡೈ ಕ್ರ್ಯಾಕ್’ ಎನ್ನುವುದು ಉಬ್ಬು ಗೆರೆಗೆ ಮಾತ್ರ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಗಡಿಯಾರ ರಿಪೇರಿಯವರೂ ಪತ್ತಾರರೂ ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. ಗಾಜನ್ನು ಕಣ್ಣಿಗೆ ಹತ್ತಿರ ಹಿಡಿದು ನಾಣ್ಯವನ್ನು ಮೇಲಕ್ಕೆ ತನ್ನಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ, ಕೆಳಗೊಂದು ಟವೆಲ್ ಹಾಸಿರಿ. ಮೇಜಿನ ದೀಪವನ್ನು ಒಂದೇ ಬದಿಯಿಂದ, ತಗ್ಗಾಗಿ, ಬೆಳಕು ನಾಣ್ಯದ ಮೈಯನ್ನು ಸವರಿ ಹೋಗುವಂತೆ ಇಡಿ. ಅನುಮಾನದ ಗೆರೆ ಬೆಳಕಿಗೆ ಅಡ್ಡಲಾಗಿರಲಿ, ಬೆಳಕಿನ ದಿಕ್ಕಿಗೇ ಮಲಗಿದ ಗೆರೆಗೆ ನೆರಳು ಬೀಳುವುದಿಲ್ಲ. ದೀಪದ ಕಡೆಯ ಮಗ್ಗುಲು ಬೆಳಗಿ ಆಚೆಯ ಮಗ್ಗುಲಿಗೆ ನೆರಳು ಬಿದ್ದರೆ ಉಬ್ಬು. ದೀಪದ ಕಡೆಯ ಮಗ್ಗುಲಲ್ಲೇ ನೆರಳಿದ್ದು ಆಚೆಯದು ಬೆಳಗಿದರೆ ತಗ್ಗು. ಗೊಂದಲವಾದರೆ ಪಕ್ಕದ ಅಕ್ಷರವನ್ನು ನೋಡಿ. ಅಕ್ಷರ ಉಬ್ಬಿರುವುದು ಖಚಿತ, ಅದರ ನೆರಳು ಯಾವ ಕಡೆಗಿದೆಯೋ ಗೆರೆಯ ನೆರಳೂ ಅದೇ ಕಡೆಗಿದ್ದರೆ ಎರಡೂ ಉಬ್ಬೇ.

ನನ್ನ ಬಳಿ ಉಕ್ಕಿನ ಒಂದು ರೂಪಾಯಿ ಇದೆ. ಸಿಂಹದ ಬದಿಯಲ್ಲಿ, ಹಿಂದಿಯ ‘ಭಾರತ’ದ ಕೊನೆಯ ಅಕ್ಷರದಿಂದ ಅಂಚಿನವರೆಗೆ ಒಂದು ಗೆರೆ. ಬರಿಗಣ್ಣಿಗೆ ಗೀರಿನ ಹಾಗೇ ಕಾಣುತ್ತದೆ. ಗಾಜಿನಲ್ಲಿ ನೋಡಿದರೆ ಗೆರೆ ನೆಟ್ಟಗಿಲ್ಲ, ನಡುವೆ ಚೂರು ಡೊಂಕಾಗಿ ಮತ್ತೆ ಮುಂದುವರಿಯುತ್ತದೆ. ಅಕ್ಷರವನ್ನು ಕತ್ತರಿಸಿ ಹೋಗಿಲ್ಲ, ಅದರ ಬುಡಕ್ಕೆ ಕೂಡಿಕೊಂಡಿದೆ. ಅಂಚನ್ನು ತಲುಪುವಲ್ಲಿ ತುಸು ಅಗಲವಾಗಿದೆ. ಗೀರುವ ಕೈ ಹೀಗೆ ಗೀರುವುದಿಲ್ಲ. ಬಿರುಕು ಬೆಳೆದು ಅಚ್ಚಿನ ಅಂಚಿನ ಚೂರೇ ಉದುರಿಹೋದರೆ ಆ ಜಾಗದಲ್ಲಿ ಚಿತ್ರವಿಲ್ಲದ ಲೋಹದ ದಿಬ್ಬ ಮೂಡುತ್ತದೆ. ಅದಕ್ಕೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚು.

ತಗ್ಗೆಲ್ಲ ಹೊರಗಿನ ಪೆಟ್ಟು ಎಂದೂ ಹೇಳಲಾಗದು. ಒತ್ತುವಾಗ ಅಚ್ಚಿಗೂ ಬಿಲ್ಲೆಗೂ ನಡುವೆ ದಾರವೋ ಲೋಹದ ಚೂರೋ ಸಿಕ್ಕಿಕೊಂಡಿದ್ದರೆ ಅದರ ಆಕಾರದ ತಗ್ಗು ಬೀಳುತ್ತದೆ, ಆದರೆ ಬದಿಗಳಲ್ಲಿ ಒತ್ತರಿಸಿದ ಲೋಹ ಇರುವುದಿಲ್ಲ. ಅಚ್ಚಿನ ಗುಳಿಯಲ್ಲಿ ಗ್ರೀಸು ತುಂಬಿದ್ದರೆ ಅಕ್ಷರವೋ ಅಂಕಿಯೋ ಮೂಡದೆ ಉಳಿಯುತ್ತದೆ. ಅಕ್ಷರ ಕೆರೆದು ತೆಗೆದಿದ್ದರೆ ಆ ಜಾಗದ ಮೈ ಸುತ್ತಲಿನಂತಿರದೆ ಕೆರೆದ ಗುರುತು ತೋರಿಸುತ್ತದೆ.

ಹೆಚ್ಚು ಮೋಸ ಹೋಗುವ ಕೆಲವು ಬಗೆ

ಕ್ಲಿಪ್: ಬಿಲ್ಲೆ ಕತ್ತರಿಸುವಾಗ ಮೊದಲೇ ತೂತಾಗಿದ್ದ ಜಾಗದ ಮೇಲೆ ಮತ್ತೆ ಕತ್ತರಿ ಬಿದ್ದರೆ ನಾಣ್ಯದ ಒಂದು ಬದಿ ಅರ್ಧಚಂದ್ರದಂತೆ ಕಡಿದಿರುತ್ತದೆ. ಅರದಿಂದ ಉಜ್ಜಿ ಇದನ್ನು ನಕಲು ಮಾಡುವುದು ಸುಲಭ. ಹಿಡಿಯುವುದೂ ಸುಲಭ. ನಿಜವಾದ ಕ್ಲಿಪ್‌ನಲ್ಲಿ ಕಡಿದ ಜಾಗದ ಹತ್ತಿರದ ಅಕ್ಷರಗಳು ಅಂಚಿನ ಕಡೆಗೆ ಜಾರಿದಂತೆ ಮಸುಕಾಗುತ್ತವೆ, ಏಕೆಂದರೆ ಅಲ್ಲಿ ಲೋಹಕ್ಕೆ ಒತ್ತಿ ನಿಲ್ಲಲು ಆಸರೆಯಿರಲಿಲ್ಲ. ಜೊತೆಗೆ ಅದರ ನೇರ ಎದುರಿನ ಅಂಚೂ ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ. ಅರ ಹಾಕಿದ್ದರಲ್ಲಿ ಅಕ್ಷರ ಕೊನೆಯವರೆಗೆ ಗಟ್ಟಿಯಾಗಿದ್ದು ಥಟ್ಟನೆ ತುಂಡಾಗಿರುತ್ತದೆ, ಎದುರಿನ ಅಂಚು ಸರಿಯಾಗೇ ಇರುತ್ತದೆ.

ಬ್ರಾಕೇಜ್: ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನ ಬಿಲ್ಲೆಗೆ ಅದೇ ಅಚ್ಚಾದರೆ ಒಂದು ಬದಿಯಲ್ಲಿ ಸರಿಯಾದ ಚಿತ್ರ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ಒಳಗೆ ತಗ್ಗಾಗಿ ಮೂಡುತ್ತದೆ. ವರ್ಕ್‌ಶಾಪಿನ ವೈಸ್‌ನಲ್ಲಿ ಎರಡು ನಾಣ್ಯ ಸೇರಿಸಿ ಬಿಗಿದರೂ ತಿರುಗಿದ ಅಕ್ಷರ ಬೀಳುತ್ತದೆ. ಆದರೆ ಅದರಡಿಯಲ್ಲಿ ಮೊದಲಿನ ಚಿತ್ರದ ಅವಶೇಷ ಉಳಿದಿರುತ್ತದೆ, ಹಿಂಬದಿ ಚಪ್ಪಟೆಯಾಗಿರುತ್ತದೆ.

ಜೋಡಿ ಅಕ್ಷರ: ಇದರಲ್ಲಿ ಬೇಸ್ತು ಬೀಳುವವರೇ ಹೆಚ್ಚು. ಒತ್ತಿದ ಮೇಲೆ ಅಚ್ಚು ಸರಿಯಾಗಿ ಮೇಲೇಳದೆ ತುಸು ಜರುಗಿದರೆ ಅಕ್ಷರದ ಬದಿ ಸವರಿಹೋಗಿ ಚಪ್ಪಟೆ ಮೆಟ್ಟಿಲೊಂದು ಉಂಟಾಗುತ್ತದೆ, ಅಕ್ಷರ ತೆಳ್ಳಗಾಗುತ್ತದೆ. ಇಂಥವು ಹೇರಳ, ವಿಶೇಷ ಬೆಲೆಯಿಲ್ಲ. ಅಚ್ಚು ತಯಾರಿಸುವಾಗಲೇ ಚಿತ್ರ ಎರಡು ಸಲ ಬಿದ್ದಿದ್ದರೆ ಅಕ್ಷರ ದಪ್ಪವಾಗಿರುತ್ತದೆ, ಎರಡನೆಯ ರೂಪವೂ ದುಂಡಗೆ ಉಬ್ಬಿರುತ್ತದೆ, ಅಕ್ಷರದ ಮೂಲೆಯಲ್ಲಿ ಕವಲೊಡೆದ ಸಣ್ಣ ಕಚ್ಚು ಕಾಣುತ್ತದೆ. ಅದು ನಿಜವಾದ ಜೋಡಿ ಅಚ್ಚು.

ತಿರುಗಿದ ಅಚ್ಚು: ನಮ್ಮ ಈಗಿನ ನಾಣ್ಯದ ಸಿಂಹವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಎಡಕ್ಕೋ ಬಲಕ್ಕೋ ಮಗುಚಿದರೆ ಹಿಂಬದಿಯೂ ನೆಟ್ಟಗಿರಬೇಕು. ತಲೆಕೆಳಗೋ ಓರೆಯೋ ಆಗಿದ್ದರೆ ಅಚ್ಚು ತಿರುಗಿದೆ. ನಾಲ್ಕಾರು ಡಿಗ್ರಿಯ ಓರೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತೊಂಬತ್ತು, ನೂರ ಎಂಬತ್ತು ಡಿಗ್ರಿ ಇದ್ದರೆ ಮಾತು ಬೇರೆ.

ತೂಕ, ಅಳತೆ, ಅಯಸ್ಕಾಂತ

ಗ್ರಾಂನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಇದ್ದರೆ ಒಳ್ಳೆಯದು, ಇಲ್ಲವಾದರೆ ಪರಿಚಯದ ಪತ್ತಾರರ ಅಂಗಡಿಯಲ್ಲಿ ತೂಗಿಸಿ. ಬೆಳಗಾವಿಯವರಿಗೆ ಉದ್ಯಮಬಾಗದ ಲೇತ್ ಕೆಲಸದವರ ಬಳಿ ಒಳ್ಳೆಯ ವರ್ನಿಯರ್ ಕ್ಯಾಲಿಪರ್ ಸಿಗುತ್ತದೆ. ಕ್ಯಾಲಿಪರಿನ ದವಡೆಗೂ ನಾಣ್ಯಕ್ಕೂ ನಡುವೆ ತೆಳು ಕಾಗದವಿಟ್ಟು, ಆ ಕಾಗದದ ದಪ್ಪವನ್ನು ಲೆಕ್ಕದಿಂದ ಕಳೆಯಿರಿ.

2011ರ ಸರಣಿಯ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85, ಐದು ರೂಪಾಯಿ 6 ಗ್ರಾಂ. 2019ರ ಸರಣಿಯಲ್ಲಿ ಕ್ರಮವಾಗಿ 3.09, 4.07, 6.74. ಅದೇ ಸರಣಿಯ ಹತ್ತು ರೂಪಾಯಿ 7.74, ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ 8.54 ಗ್ರಾಂ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುವುದು ಸಹಜ. ‘ಬೇರೆ ಬಿಲ್ಲೆಯ ಮೇಲೆ ಟಂಕಿಸಿದ್ದು’ ಎಂಬ ವಾದಕ್ಕೆ ತೂಕವೇ ಆಧಾರ, ಬಣ್ಣ ಆಧಾರವಲ್ಲ. ಬಂಗಾರದ ಬಣ್ಣದ ಒಂದು ರೂಪಾಯಿ ಎಂದು ಬರುವವುಗಳಿಗೆ ಸಾಮಾನ್ಯವಾಗಿ ಮೇಲೆ ಲೇಪ ಕೊಟ್ಟಿರುತ್ತಾರೆ. ಉಕ್ಕಿನ ನಾಣ್ಯ ಅಯಸ್ಕಾಂತಕ್ಕೆ ಅಂಟುತ್ತದೆ, ತಾಮ್ರ ನಿಕ್ಕಲ್ಲಿನ ಹಳೆಯ ಹನ್ನೊಂದು ಮೂಲೆಯ ಎರಡು ರೂಪಾಯಿ ಅಂಟುವುದಿಲ್ಲ. ಗೀರು ಬೀಳದಂತೆ ಅಯಸ್ಕಾಂತಕ್ಕೆ ಕಾಗದ ಸುತ್ತಿ.

ಕಾಲರ್ ಇಲ್ಲದೆ ಒತ್ತಿದ ನಾಣ್ಯ ಹರಡಿಕೊಂಡು ಅಳತೆಗಿಂತ ಅಗಲವಾಗಿರುತ್ತದೆ, ಆದರೆ ತೂಕ ಸರಿಯಾಗಿರುತ್ತದೆ. ಹಳಿಯ ಮೇಲೆ ಅಪ್ಪಚ್ಚಿಯಾದದ್ದೂ ಅಗಲವಾಗುತ್ತದೆ, ತೂಕವೂ ಸರಿಯಿರುತ್ತದೆ. ಅದರ ಚಿತ್ರ ಮಾತ್ರ ಹಿಗ್ಗಿ ಅಳಿಸಿಹೋಗಿರುತ್ತದೆ.

ಫೋಟೊ

ಮೊಬೈಲ್ ಸಾಕು. ಆದರೆ ಅದನ್ನು ಕೈಯಲ್ಲಿ ಹಿಡಿದು ತೆಗೆಯಬೇಡಿ. ಎರಡು ಬದಿಗೆ ಸಮನಾಗಿ ಪುಸ್ತಕ ಪೇರಿಸಿ, ಮೇಲೆ ಗಾಜಿನ ತುಂಡಿಟ್ಟು, ಅದರ ಮೇಲೆ ಮೊಬೈಲ್ ಮಲಗಿಸಿ, ಲೆನ್ಸ್ ಮಾತ್ರ ಗಾಜಿನ ಅಂಚಿನಿಂದ ಹೊರಗಿರಲಿ. ಮೊಬೈಲೂ ನಾಣ್ಯವೂ ಸಮಾನಾಂತರವಾಗಿವೆಯೇ ಎಂದು ತಿಳಿಯಲು ನಾಣ್ಯದ ಜಾಗದಲ್ಲಿ ಚಪ್ಪಟೆ ಕನ್ನಡಿಯಿಡಿ. ಪರದೆಯ ನಟ್ಟನಡುವೆ ಲೆನ್ಸಿನ ಪ್ರತಿಬಿಂಬವೇ ಕಂಡರೆ ಸರಿಯಾಗಿದೆ. ಓರೆಯಾಗಿ ತೆಗೆದರೆ ದುಂಡು ನಾಣ್ಯ ಮೊಟ್ಟೆಯಾಗಿ, ಅಂಚಿನ ಅಗಲದ ಬಗ್ಗೆ ಸುಳ್ಳು ಹೇಳುತ್ತದೆ.

ತೀರಾ ಹತ್ತಿರ ಹೋದರೆ ಮೊಬೈಲಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ಒಂದು ಗೇಣು ದೂರದಿಂದ ಎರಡು ಪಟ್ಟು ಜೂಮ್ ಮಾಡಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ಅದಕ್ಕಿಂತ ಹೆಚ್ಚು ಜೂಮ್ ಬೇಡ. ಈಗಿನ ಮೊಬೈಲುಗಳು ಕಾಣದ ವಿವರವನ್ನು ತಾವೇ ಊಹಿಸಿ ತುಂಬುತ್ತವೆ, ಬಿರುಕು ಹುಡುಕುವವನಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಫಿಲ್ಟರ್, ಸೌಂದರ್ಯವರ್ಧನೆ, ಎಚ್‌ಡಿಆರ್ ಎಲ್ಲ ಆಫ್ ಮಾಡಿ. ಪ್ರೊ ವಿಧಾನವಿದ್ದರೆ ಐಎಸ್‌ಒ ನೂರರ ಆಸುಪಾಸಿನಲ್ಲಿರಲಿ. ಪರದೆಯ ಮೇಲೆ ನಾಣ್ಯವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಮೇಜು ಅದುರಿಸುವ ಫ್ಯಾನನ್ನು ನಿಲ್ಲಿಸಿ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಇದು ಕಠಿಣ ಸಲಹೆ ಎಂದು ಗೊತ್ತು, ಬೆಳಗಿನ ಜಾವ ತೆಗೆಯಿರಿ.

ನೇರ ಬಿಸಿಲು ಬೇಡ, ಉಕ್ಕಿನ ನಾಣ್ಯ ಬಿಸಿಲಿಗೆ ಕುಕ್ಕುತ್ತದೆ. ಇಡೀ ನಾಣ್ಯದ ಚಿತ್ರಕ್ಕೆ ಪಡಸಾಲೆಯ ನೆರಳಿನ ಬೆಳಕು ಅಥವಾ ಬಟರ್ ಪೇಪರ್ ಅಡ್ಡ ಹಿಡಿದ ಎರಡು ಎಲ್‌ಇಡಿ ದೀಪ ಹೊಂದುತ್ತವೆ. ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ ದೀಪಗಳಿರಲಿ. ವಿಡಿಯೊ ಮಾಡುವವರು ಬಳಸುವ ರಿಂಗ್ ಲೈಟ್ ನಾಣ್ಯಕ್ಕೆ ಒಗ್ಗುವುದಿಲ್ಲ. ಸುತ್ತಲೂ ಬೆಳಕು ಬಿದ್ದರೆ ನೆರಳೇ ಉಳಿಯುವುದಿಲ್ಲ, ಉಬ್ಬು ತಗ್ಗು ಒಂದೇ ಆಗುತ್ತವೆ.

ದೋಷದ ಸಮೀಪಚಿತ್ರಕ್ಕೆ ಒಂದೇ ದೀಪ, ತಗ್ಗಾಗಿ. ಇಲ್ಲೊಂದು ಅಪಾಯವಿದೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ಮೊದಲೇ ನಂಬಿರುತ್ತದೆ. ಫೋಟೊದ ಕೆಳಬದಿಯಿಂದ ಬೆಳಕು ಬಿದ್ದಿದ್ದರೆ ಉಬ್ಬಿದ ಅಕ್ಷರ ಕೆತ್ತಿದಂತೆಯೂ, ಗೀರು ಉಬ್ಬಿದಂತೆಯೂ ಕಾಣುತ್ತದೆ. ‘ಡೈ ಕ್ರ್ಯಾಕ್’ ಎಂದು ಬರುವ ಫೋಟೊಗಳಲ್ಲಿ ಇಂಥ ಭ್ರಮೆಗಳೂ ಇರುತ್ತವೆ. ಆದ್ದರಿಂದ ದೀಪ ಯಾವಾಗಲೂ ಚಿತ್ರದ ಮೇಲಂಚಿನ ಕಡೆಗಿರಲಿ. ಅಲ್ಲಿಗೇ ನಿಲ್ಲಿಸದೆ, ದೀಪವನ್ನು ಅಲ್ಲೇ ಬಿಟ್ಟು ನಾಣ್ಯವನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಚಿತ್ರ ತೆಗೆಯಿರಿ. ಎರಡರಲ್ಲೂ ಪಕ್ಕದ ಒಂದು ಅಕ್ಷರವಾದರೂ ಚೌಕಟ್ಟಿನೊಳಗಿರಲಿ, ನೆರಳನ್ನು ಹೋಲಿಸಲು ಅದು ಬೇಕು.

ಒಟ್ಟು ಬೇಕಾದ ಚಿತ್ರಗಳು: ಎರಡು ಬದಿಯ ಪೂರ್ತಿ ನೋಟ, ಅಂಚು, ದೋಷದ ಈ ಎರಡು ಸಮೀಪಚಿತ್ರ, ಮತ್ತು ಅದೇ ವರ್ಷದ ಅದೇ ಟಂಕಸಾಲೆಯ ಸಾದಾ ನಾಣ್ಯವೊಂದರ ಜೊತೆ ಅಕ್ಕಪಕ್ಕ. ಈ ಕೊನೆಯದನ್ನು ಜನ ಬಿಡುತ್ತಾರೆ, ಪರಿಣತರು ಮೊದಲು ಕೇಳುವುದು ಅದನ್ನೇ. ಅಂಚಿಗೆ ನಾಣ್ಯವನ್ನು ಎರಡು ರಬ್ಬರಿನ ನಡುವೆ ನಿಲ್ಲಿಸಿ. ಒಂದು ಚಿತ್ರದಲ್ಲಾದರೂ ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇರಲಿ.

ತಿರುಗಿದ ಅಚ್ಚಿಗೆ ಬೇರೆ ಉಪಾಯ. ನಾಣ್ಯವನ್ನು ಚೌಕ ರಟ್ಟಿನ ಹೋಲ್ಡರಿನಲ್ಲಿ ಸಿಂಹ ನೆಟ್ಟಗಿರುವಂತೆ ಕೂರಿಸಿ ಫೋಟೊ ತೆಗೆಯಿರಿ. ಹೋಲ್ಡರನ್ನೇ ಹಾಳೆಯಂತೆ ಮಗುಚಿ ಮತ್ತೊಂದು ತೆಗೆಯಿರಿ. ರಟ್ಟಿನ ಅಂಚಿನಿಂದ ಓರೆ ಎಷ್ಟೆಂದು ಶಾಲೆಯ ಕಂಪಾಸು ಪೆಟ್ಟಿಗೆಯ ಕೋನಮಾಪಕದಲ್ಲಿ ಅಳೆಯಬಹುದು. ನಾಣ್ಯಕ್ಕೆ ಮಾತ್ರ ಟೇಪು ಅಂಟಿಸಬೇಡಿ. ಮೆತ್ತನೆಯ ಪಿವಿಸಿ ಚೀಲಗಳಲ್ಲೂ ಇಡಬೇಡಿ, ಕಾಲಕ್ರಮೇಣ ಹಸಿರು ಜಿಗುಟು ಬಿಡುತ್ತವೆ. ಬೆಳಗಾವಿಯ ಮಳೆಗಾಲಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವೊಂದು ಇರಲಿ.

ಯಾರಿಗಾದರೂ ತೋರಿಸುವಾಗ

ವಾಟ್ಸ್‌ಆಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿ, ನೀವು ಕಷ್ಟಪಟ್ಟು ಹಿಡಿದ ನೆರಳೆಲ್ಲ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿ. ಜೊತೆಗೆ ಬರೆಯಬೇಕಾದದ್ದು ಇಷ್ಟು: ಮುಖಬೆಲೆ, ಇಸವಿ, ಟಂಕಸಾಲೆ, ತೂಕ, ವ್ಯಾಸ, ಅಯಸ್ಕಾಂತಕ್ಕೆ ಅಂಟಿತೋ ಇಲ್ಲವೋ, ಗೆರೆ ಉಬ್ಬೋ ತಗ್ಗೋ, ಎಲ್ಲಿ ಸಿಕ್ಕಿತು. ‘ಡೈ ಕ್ರ್ಯಾಕ್ ಸಿಕ್ಕಿದೆ’ ಎಂದು ಮೊದಲೇ ಹೆಸರಿಡುವ ಬದಲು ‘ಅಂಚಿನಿಂದ ಅಕ್ಷರದ ಬುಡದವರೆಗೆ ಉಬ್ಬಿದ ಗೆರೆ’ ಎಂದು ಕಂಡದ್ದನ್ನು ಬರೆದರೆ ನೋಡುವವನು ನಿಮ್ಮ ಮುಲಾಜಿಲ್ಲದೆ ನೋಡುತ್ತಾನೆ.

ಬೆಲೆಯ ಪ್ರಶ್ನೆಯನ್ನು ಅದೇ ಸಂದೇಶದಲ್ಲಿ ಹಾಕಬೇಡಿ. ಸಣ್ಣ ಬಿರುಕಿನ ಒಂದು ರೂಪಾಯಿಗೆ ದೊಡ್ಡ ಮೊತ್ತ ಬರುವುದಿಲ್ಲ. ದೋಷ ಬರಿಗಣ್ಣಿಗೆ ಎದ್ದು ಕಾಣಬೇಕು, ಇಸವಿ ಓದುವಂತಿರಬೇಕು, ಆಗ ಬೆಲೆಯ ಮಾತು. ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು ಫೋನ್ ಬಂದರೆ ಅಲ್ಲಿಗೇ ಕತ್ತರಿಸಿ. ತನ್ನ ಹೆಸರು, ಲಾಂಛನ ಬಳಸಿ ಹಳೆಯ ನಾಣ್ಯ ನೋಟುಗಳ ವ್ಯವಹಾರದಲ್ಲಿ ಶುಲ್ಕ, ತೆರಿಗೆ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು. ಇಂಥ ವ್ಯವಹಾರವನ್ನು ತಾನು ಮಾಡುವುದೂ ಇಲ್ಲ, ಮಾಡಲು ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಎಂದು ಆಗಲೇ ಸ್ಪಷ್ಟಪಡಿಸಿತ್ತು.